ಪಕ್ಕದ ಮನೆಗೆ ಹೋದ ಬಲಗೈ

ಆ ನ್ಯಾಯಾಲಯದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿತ್ತು, ಅದು ಅಲ್ಲೇ ಇತ್ತು. ಬಾಯಿಗೆ ಬರುತ್ತಿದ್ದದ್ದು ಟೈಪಮ್ಮ ಎಂದೇ. ಮೂವತ್ತೊಂದು ವರ್ಷ ಒಂದೇ ಕೋಣೆ, ಒಂದೇ ಮೂಲೆ. ನ್ಯಾಯಾಧೀಶರ ಎತ್ತರದ ಪೀಠದ ಕೆಳಗೆ, ಸಾಕ್ಷಿಯ ಕಟಕಟೆಗೆ ಎದುರಾಗಿ ಒಂದು ಗಿಡ್ಡ ಮೇಜು. ಎಂಟು ಜನ ನ್ಯಾಯಾಧೀಶರು ಬಂದು ಹೋದರು, ಫ್ಯಾನು ಎರಡು ಸಲ ಬದಲಾಯಿತು, ಟೈಪಮ್ಮ ಮಾತ್ರ ಕೂತ ಜಾಗದಿಂದ ಕದಲಲಿಲ್ಲ.

ಆಕೆಯ ಕೆಲಸ ಇಷ್ಟೇ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಒಪ್ಪ ಮಾಡಿ ನುಡಿಯುತ್ತಾರೆ, ಇವಳು ಹೊಡೆಯುತ್ತಾಳೆ. ಹಾಳೆ ಅಚ್ಚಾಗಿ ಬಂದ ಮೇಲೆ ಪೀಠದ ಗುಮಾಸ್ತ ಅದನ್ನು ಸಾಕ್ಷಿಗೆ ಗಟ್ಟಿಯಾಗಿ ಓದಿ ಹೇಳುತ್ತಾನೆ, ಸಾಕ್ಷಿ ಹೌದೆಂದು ರುಜು ಹಾಕುತ್ತಾನೆ. ಒಂದು ಸಲ ರುಜು ಬಿತ್ತೆಂದರೆ ಆ ಹಾಳೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಇವಳು ಪರದೆ ನೋಡಿದವಳೇ ಅಲ್ಲ. ಕಣ್ಣು ಆಡುವವರ ಬಾಯಿಯ ಮೇಲೆ, ಕಿವಿ ಪೀಠದ ಕಡೆ, ಕೈ ತನ್ನ ಪಾಡಿಗೆ ತಾನು. ಪರದೆ ನೋಡುತ್ತ ಹೊಡೆಯುವವರನ್ನು ಕಂಡರೆ ಅವಳಿಗೆ ತುಟಿ ಅಂಚಿನಲ್ಲೇ ನಗು ಬರುತ್ತಿತ್ತು.

ಈ ಜಂಬ ಬಂದದ್ದು ಟೈಪಿಂಗ್ ಶಾಲೆಯಿಂದ. ಸೈಕಲ್ ಅಂಗಡಿಯ ಅಟ್ಟದ ಮೇಲೆ ಹನ್ನೆರಡು ಯಂತ್ರ ಇಟ್ಟುಕೊಂಡು ಕಲಿಸುತ್ತಿದ್ದ ಮೇಷ್ಟ್ರು, ಹುಡುಗಿಯರ ಕೈ ಮೇಲೆ ಬಟ್ಟೆ ಹೊದಿಸಿ, ತಾವು ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಹನ್ನೆರಡು ಯಂತ್ರದ ಗದ್ದಲದ ನಡುವೆ, ತಿರುಗಿಯೂ ನೋಡದೆ, ಇಂಥ ಸಾಲಿನ ಇಂಥವಳ ಎಡಗೈ ನಡುಬೆರಳು ಎಡವಿತು ಎನ್ನುವರು. ಆರು ತಿಂಗಳಲ್ಲಿ ಇವಳಿಗೂ ಆ ಕಿವಿ ಬಂತು. ಒಂದೊಂದು ಕೀಲಿಗೂ ಒಂದೊಂದು ದನಿ: ಅಂಚಿನವು ತೆಳುವಾಗಿ, ನಡುವಿನವು ದಪ್ಪವಾಗಿ, ಖಾಲಿ ಜಾಗದ ಉದ್ದ ಕೀಲಿ ಕೆಮ್ಮಿದ ಹಾಗೆ. ಆಮೇಲೆ ಕಂಪ್ಯೂಟರು ಬಂತು. ಸರಕಾರದ ಕೀಬೋರ್ಡು ರಬ್ಬರಿನ ಮೇಲೆ ಕೂತದ್ದು, ಒತ್ತಿದರೆ ಹಿಟ್ಟಿಗೆ ಬೆರಳಿಟ್ಟ ಹಾಗೆ, ಸದ್ದಿಲ್ಲ. ಕಿವಿಗೆ ಕೆಲಸ ಹೋಯಿತು, ಬೆರಳು ಅದನ್ನು ವಹಿಸಿಕೊಂಡಿತು. ಎರಡೂ ತೋರುಬೆರಳು ಕೂರುವ ಕೀಲಿಗಳ ಮೇಲೆ ಅಕ್ಕಿಕಾಳಿನಷ್ಟು ಉಬ್ಬುಗೆರೆ ಇರುತ್ತದೆ. ಅದನ್ನು ತಡವಿ ಕೂತರೆ ಮಿಕ್ಕ ಬೆರಳೆಲ್ಲ ತಮ್ಮ ತಮ್ಮ ಮನೆಯಲ್ಲಿ ಕೂತ ಲೆಕ್ಕ.

ಎರಡು ವರ್ಷದ ಹಿಂದೆ ಆ ಗೆರೆ ಸಿಗುವುದು ನಿಂತಿತು.

ಮೊದಮೊದಲು ಜೋಮು ಹಿಡಿದ ಹಾಗೆ ಆಗುತ್ತಿತ್ತು, ಕೊಡವಿದರೆ ಹೋಗುತ್ತಿತ್ತು. ಆಮೇಲೆ ಕೊಡವಿದರೂ ಹೋಗದಾಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಎರಡೂ ಕೈಯಲ್ಲಿ ಮೂರು ಮೂರು. ಕಿರುಬೆರಳು ಮಾತ್ರ ಚೆನ್ನಾಗಿತ್ತು. ಡಾಕ್ಟರು ಮಣಿಕಟ್ಟನ್ನು ಒತ್ತಿ, ಬಡಿದು, ನರ ಅಲ್ಲಿ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದೆ ಎಂದರು. ಶಸ್ತ್ರಚಿಕಿತ್ಸೆ ಮಾಡಬಹುದು, ಇಷ್ಟು ತಡವಾದ ಮೇಲೆ ಸ್ಪರ್ಶ ಮರಳುತ್ತದೆಂದು ಬಾಂಡು ಬರೆದುಕೊಡಲಾರೆ ಎಂದರು. ಟೈಪಮ್ಮ ಸರಿ ಎಂದಳು. ಬಸ್ಸು ಹಿಡಿದು ಮನೆಗೆ ಬಂದು ಪಾತ್ರೆ ತೊಳೆದಳು.

ಅಳು ಬರಲಿಲ್ಲ. ಭಯವೂ ಆಗಲಿಲ್ಲ. ಬೇರೆಯವರ ಮನೆಯ ಸುದ್ದಿ ಕೇಳಿದ ಹಾಗಾಯಿತು. ಬಿಸಿ ಲೋಟ ಹಿಡಿದರೆ ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತಿತ್ತು, ಗುಂಡಿ ಹಾಕಿಕೊಳ್ಳಲು ಕನ್ನಡಿ ಬೇಕಾಗುತ್ತಿತ್ತು. ಅದೆಲ್ಲ ಇರಲಿ. ಕೋರ್ಟಿನಲ್ಲಿ ಕೈ ಸೋತ ಟೈಪಿಸ್ಟರನ್ನು ಕಡತದ ಕೋಣೆಗೆ ಕಳಿಸುತ್ತಾರೆ. ಅದು ನೆಲಮಾಳಿಗೆಯಲ್ಲಿದೆ, ಕಿಟಕಿಯಿಲ್ಲ, ಮಾತಾಡುವವರಿಲ್ಲ. ಅವಳಿಗೆ ಇದ್ದದ್ದು ಆ ಗಿಡ್ಡ ಮೇಜೊಂದು. ಅದು ಕೈತಪ್ಪಬಾರದು ಎಂಬುದೊಂದನ್ನು ಬಿಟ್ಟರೆ ಆ ದಿನಗಳಲ್ಲಿ ಅವಳೊಳಗೆ ಬೇರೆ ಆಸೆಯೇನೂ ಮಿಸುಕುತ್ತಿರಲಿಲ್ಲ. ಹಾಗಾಗಿ ಯಾರಿಗೂ ಹೇಳಲಿಲ್ಲ, ಸಾಲು ಶುರುವಾದಾಗೊಮ್ಮೆ ಕೈಯ ಕಡೆ ಕದ್ದು ನೋಡಿ ದಿನ ನೂಕಿದಳು. ಗಂಡನಿಗೂ ಅರ್ಧವೇ ಹೇಳಿದಳು.

ಗಂಡ ಮೂವತ್ತಮೂರು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಇನ್ನು ಕಾಲು ಚಾಚಿ ಕೂರುತ್ತಾನೆ ಎಂದುಕೊಂಡಿದ್ದರೆ, ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ ಹಿಡಿದು ಕೂತ. ಬೆಳಿಗ್ಗೆ ತಿಂಡಿ ತಿಂದು, ಕಂಡಿರದ ಊರಿಂದ ಕಂಡಿರದ ಊರಿಗೆ ಮರದ ದಿಮ್ಮಿ ಹೇರಿಕೊಂಡು ಹೊರಡುವನು. ಮಧ್ಯಾಹ್ನ ಊಟಕ್ಕೆ ಕರೆದರೆ, ಇಳಿಜಾರಿನಲ್ಲಿದ್ದೇನೆ, ತಡಿ ಎನ್ನುವನು. ಬಸ್ಸಿನಲ್ಲಿದ್ದಾಗ ಒಂದು ದಿನವೂ ಗಡುವು ಮೀರದವನು ಈ ಆಟದಲ್ಲಿ ಮೂರು ಸಲ ಹಳ್ಳಕ್ಕೆ ಬಿದ್ದಿದ್ದ.

ಅವನ ಮೇಜು ಚಿಕ್ಕದು. ಎಡಗೈ ಕೀಲಿಯ ಮೇಲೆ, ಬಲಗೈಯಲ್ಲಿ ಮೌಸು. ಉದ್ದ ಕೀಬೋರ್ಡು ಇಟ್ಟರೆ ಮೌಸಿಗೆ ಜಾಗವಿಲ್ಲದೆ ಗೋಡೆಗೆ ಮೊಣಕೈ ತಾಗುತ್ತಿತ್ತು. ಅದಕ್ಕೇ ಆಟದವರ ಪುಟ್ಟ ಕೀಬೋರ್ಡೊಂದನ್ನು ತರಿಸಿಕೊಂಡಿದ್ದ. ಎರಡು ಗೇಣಿಗೂ ಕಮ್ಮಿ ಉದ್ದ. ಬಲಗಡೆಯ ಅಂಕಿಮನೆ ಇಲ್ಲ, ಬಾಣದ ಕೀಲಿಗಳಿಲ್ಲ, ಅಂಕಿಸಾಲಿನ ಮೇಲಿರಬೇಕಾದ ಸಾಲೊಂದು ಮಾಯ. ಬಾಲ ಕಿವಿ ಕತ್ತರಿಸಿ ಬಿಟ್ಟ ನಾಯಿಯ ಹಾಗೆ ಇತ್ತು. ಆದರೆ ಒಂದೊಂದು ಕೀಲಿಯ ಕೆಳಗೂ ಒಂದೊಂದು ಸ್ಪ್ರಿಂಗು, ಒಂದೊಂದು ಸ್ವಿಚ್ಚು, ಒತ್ತಿದಾಗೊಮ್ಮೆ ಟಕ್, ಬಿಟ್ಟಾಗೊಮ್ಮೆ ಟಿಕ್. ಸಾಲದ್ದಕ್ಕೆ ಕೆಳಗಿನಿಂದ ಬಣ್ಣ ಬಣ್ಣದ ದೀಪ ಬೇರೆ.

ಒಂದು ಭಾನುವಾರ ಅವನು ಕ್ಷೌರಕ್ಕೆ ಹೋಗಿದ್ದಾಗ ಟೈಪಮ್ಮ ಮೇಜಿನ ಧೂಳು ಒರೆಸುತ್ತ ಆ ಕೀಬೋರ್ಡಿನ ಮೇಲೆ ಬಟ್ಟೆ ಆಡಿಸಿದಳು. ಟಕಟಕ ಎಂದಿತು. ಅವಳ ಕೈ ನಿಂತಿತು. ಬಟ್ಟೆ ಬದಿಗಿಟ್ಟು ಕೂತಳು. ತೋರುಬೆರಳಿಗೆ ಗೆರೆ ಸಿಗಲಿಲ್ಲ, ಅದು ಸಿಗುವುದೂ ಇಲ್ಲ. ಆದರೆ ಕೀಬೋರ್ಡು ಗಿಡ್ಡವಾದ್ದರಿಂದ ಎರಡೂ ಕಿರುಬೆರಳು ಚಾಚಿದರೆ ಎರಡೂ ತುದಿಯ ಅಂಚು ಒಟ್ಟಿಗೇ ಸಿಕ್ಕವು. ತೊಟ್ಟಿಲಿನ ಎರಡು ಬದಿ ಹಿಡಿದ ಹಾಗೆ. ಅಲ್ಲಿಂದ ಇಷ್ಟು ಒಳಗೆ ಬಂದರೆ ಇಂಥ ಮನೆ ಎಂದು ಅಳತೆ ಸಿಕ್ಕಿತು. ಮಿಕ್ಕದ್ದನ್ನು ಕಿವಿ ಹೇಳಿತು. ಒತ್ತಿದೆನೋ ಇಲ್ಲವೋ ಎಂಬ ಅನುಮಾನವೇ ಇಲ್ಲ, ಟಕ್ ಎಂದರೆ ಬಿತ್ತು. ಅರ್ಧ ಗಂಟೆ ಬಾಯಿಗೆ ಬಂದದ್ದೆಲ್ಲ ಹೊಡೆದು ಪರದೆ ನೋಡಿದರೆ ಒಂದು ತಪ್ಪಿಲ್ಲ.

ಗಂಡ ಬಂದವನೇ, "ನನ್ನ ಲಾರಿ ಮೇಲೆ ಕೂತಿದೀಯಲ್ಲೇ" ಎಂದ.

"ಇದನ್ನ ನಾಳೆಯಿಂದ ನಾನು ತಗೊಂಡ್ಹೋಗ್ತೀನ್ರೀ."

"ಮತ್ತೆ ನಾನು?"

"ನೀವು ಸಾಕಷ್ಟು ಓಡಿಸಿದೀರಿ. ಸಂಜೆ ತಂದ್ಕೊಡ್ತೀನಿ, ಆಗ ಹೊರಡಿ."

ಅವನು ಅವಳ ಕೈ ನೋಡಿದ, ಮುಖ ನೋಡಿದ. ಅರ್ಧ ಹೇಳಿದ್ದರ ಉಳಿದರ್ಧ ಅವನಿಗೆ ಆಗಲೇ ತಿಳಿಯಿತೇನೋ. ಕೀಬೋರ್ಡನ್ನು ಹಳೆಯ ಟವಲಿನಲ್ಲಿ ಸುತ್ತಿ ಅವಳ ಕೈಚೀಲಕ್ಕೆ ತಾನೇ ಇಟ್ಟ. ಊಟದ ಡಬ್ಬಿಯ ಪಕ್ಕದಲ್ಲಿ ಅಚ್ಚುಕಟ್ಟಾಗಿ ಕೂತಿತು.

ಕೋರ್ಟಿನಲ್ಲಿ ಮೊದಲ ದಿನ ಆ ದೀಪ ಆರಿಸುವುದು ಹೇಗೆಂದು ತಿಳಿಯದೆ ಫಜೀತಿಯಾಯಿತು. ಪೀಠದ ಗುಮಾಸ್ತ ಬಗ್ಗಿ ನೋಡಿ, ಅಕ್ಕಾ, ಮಿಠಾಯಿ ಅಂಗಡಿ ಇಟ್ರಾ ಎಂದು ಕೇಳಿದ. ಮೂರು ಕೀಲಿ ಒಟ್ಟಿಗೆ ಒತ್ತಿದರೆ ಆರುತ್ತದೆಂದು ಅವನೇ ಕಂಡುಹಿಡಿದ, ಅಷ್ಟರಲ್ಲಿ ಎರಡು ಸಲ ಕೆಂಪಗೆ ಮಿನುಗಿ ಕಕ್ಷಿದಾರನೊಬ್ಬನನ್ನು ಬೆಚ್ಚಿಬೀಳಿಸಿತ್ತು. ಅಂಕಿಮನೆ ಇಲ್ಲದ್ದು ನಿಜಕ್ಕೂ ಕಾಟ. ಪ್ರಕರಣದ ಸಂಖ್ಯೆ, ತಾರೀಕು, ಗೋಡೆಯ ಅಳತೆ, ಎಲ್ಲಕ್ಕೂ ಮೇಲಿನ ಸಾಲಿಗೆ ಕೈ ಹತ್ತಿಸಬೇಕು. ಬಾಣ ಬೇಕೆಂದರೆ ಒಂದು ಕೀಲಿ ಹಿಡಿದುಕೊಂಡು ಇನ್ನೊಂದು ಒತ್ತಬೇಕು, ಬಾಗಿಲ ಚಿಲಕ ಹಿಡಿದು ಬೀಗ ತೆಗೆದ ಹಾಗೆ. ಮೊದಲ ವಾರ ಅವಳು ಊಟದ ಹೊತ್ತಿನಲ್ಲೂ ಅಂಕಿ ಹೊಡೆದು ಹೊಡೆದು ಅಭ್ಯಾಸ ಮಾಡಿದಳು. ಎರಡನೇ ವಾರಕ್ಕೆ ಅದು ಕೈಗೆ ಹತ್ತಿತು. ಒಟ್ಟು ಮೂರು ತಿಂಗಳು ಹಾಳೆಯ ಮೇಲೆ ಒಂದು ಚುಕ್ಕೆ ಹೆಚ್ಚು ಕಮ್ಮಿ ಆಗಲಿಲ್ಲ.

ಸದ್ದಿಗೆ ಮಾತ್ರ ಮದ್ದು ಸಿಗಲಿಲ್ಲ. ಕೆಳಗೆ ಟವಲು ಹಾಸಿದಳು, ತುಸು ತಗ್ಗಿತು. ಕೀಲಿಗಳ ಕೆಳಗೆ ರಬ್ಬರಿನ ಬಳೆ ಸಿಕ್ಕಿಸಬಹುದು ಎಂದು ಗುಮಾಸ್ತ ಹೇಳಿದ. ಬೇಡವೆಂದಳು. ಸದ್ದು ಸತ್ತರೆ ಈ ಕೀಬೋರ್ಡನ್ನು ಹೊತ್ತು ತಂದದ್ದೇ ದಂಡ ಎಂದು ಅವನಿಗೆ ಹೇಗೆ ಹೇಳುವುದು?

ಗೋಡೆ ಜಗಳದ ಪ್ರಕರಣವೊಂದು ಬಂತು. ಇಬ್ಬರು ನೆರೆಯವರು, ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಬ್ಬ ಹೊಸದಾಗಿ ಕೊರೆಸಿದ ಬಾಗಿಲು. ಒಂದು ಕಡೆಯ ವಕೀಲ ಬೇರೆ ಊರಿನವನು, ಗಂಟಲು ದೊಡ್ಡದು. ಮೊದಲ ದಿನವೇ ಎದ್ದು ನಿಂತು, ಸ್ವಾಮಿ, ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಿದೆ, ನನ್ನ ಪ್ರಶ್ನೆ ನನಗೇ ಕೇಳಿಸುತ್ತಿಲ್ಲ ಎಂದ. ನ್ಯಾಯಾಧೀಶರು ಮೃದು ಸ್ವಭಾವದವರು. ಕೈಬರಹದಲ್ಲಿ ತಮ್ಮದೇ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರೇ ಹೊರತು ಕಂಪ್ಯೂಟರಿನ ಕಡೆ ಕತ್ತು ತಿರುಗಿಸಿದವರಲ್ಲ. ಟೈಪಮ್ಮನ ಕಡೆ ಬಾಗಿ, ಈ ಪ್ರಕರಣ ಮುಗಿಯುವವರೆಗೆ ಹಳೆಯದನ್ನೇ ಬಳಸಿಬಿಡಿ ಎಂದು ಹೇಳಿದರು. ಅದು ಅಪ್ಪಣೆಯಂತಲ್ಲ, ಮನೆಯ ಹಿರಿಯರು ಕಿಟಕಿ ಹಾಕು ಎಂದ ಹಾಗಿತ್ತು. ಆಗಲಿ ಸ್ವಾಮಿ ಎಂದಳು. ಬಾಯಿ ಬಿಟ್ಟು ಬೆರಳಿನ ಸಂಗತಿ ಹೇಳಲು ಅದೇ ಸಮಯವಾಗಿತ್ತು. ಪುಟ್ಟ ಕೀಬೋರ್ಡನ್ನು ಟವಲಿನಲ್ಲಿ ಸುತ್ತಿ ಚೀಲದಲ್ಲಿಟ್ಟು, ಉದ್ದದ್ದನ್ನು ಎಳೆದುಕೊಂಡಳು.

ಮರುದಿನದ ಸಾಕ್ಷಿ ಆ ಬೀದಿಯ ಹೊಲಿಗೆಯವಳು. ವಯಸ್ಸಾದವಳು, ಕತ್ತಿಗೆ ಅಳತೆಯ ಟೇಪು ಹಾಗೇ ನೇತುಬಿದ್ದಿತ್ತು, ತೆಗೆಯಲು ಮರೆತು ಬಂದಿದ್ದಳು. ಬಾಗಿಲು ಕೊರೆದ ದಿನ ತಾನು ಕಂಡದ್ದನ್ನು ಒಂದು ಗಂಟೆ ಹೇಳಿದಳು. ಟೈಪಮ್ಮ ಎಡಗೈ ಕಿರುಬೆರಳಿಂದ ಎಡ ಅಂಚು ತಡವಿ ಕೂತಳು, ಸಿಕ್ಕಿತು. ಬಲ ಅಂಚು ಅಂಕಿಮನೆಯನ್ನೆಲ್ಲ ದಾಟಿ ಎಲ್ಲೋ ದೂರದಲ್ಲಿತ್ತು. ಕೈಯ ಕಡೆ ಕದ್ದು ನೋಡುವುದು ಮೂರು ತಿಂಗಳಲ್ಲಿ ಮರೆತೇಹೋಗಿತ್ತು, ಅಂದಾಜಿನ ಮೇಲೆ ಬಲಗೈ ಇಳಿಸಿದಳು. ಕಣ್ಣು ಹೊಲಿಗೆಯವಳ ಬಾಯಿಯ ಮೇಲಿಟ್ಟು, ಮೂವತ್ತೊಂದು ವರ್ಷದ ಹಾಗೆಯೇ, ಒಂದೇ ಸಮನೆ ಹೊಡೆದಳು. ಪರದೆ ನೋಡಬೇಕೆಂದು ಅನಿಸಲಿಲ್ಲ. ಅನಿಸಿದ್ದರೂ ನೋಡುತ್ತಿರಲಿಲ್ಲ.

ಹಾಳೆ ಅಚ್ಚಾಗಿ ಬಂತು. ಗುಮಾಸ್ತ ಗಂಟಲು ಸರಿಮಾಡಿಕೊಂಡು ಓದಲು ಹೊರಟವನು ಮೊದಲ ಸಾಲಿನಲ್ಲೇ ನಿಂತ. ಮತ್ತೆ ಶುರು ಮಾಡಿದ, ಮತ್ತೆ ನಿಂತ. ಸಾಕ್ಷಿ 'ನಾನು' ಎಂದಲ್ಲೆಲ್ಲ ಹಾಳೆಯಲ್ಲಿ 'ಮಾಮಿ' ಎಂದಿತ್ತು. ದೊಡ್ಡ ಗಂಟಲಿನ ವಕೀಲ, ಯಾವ ಮಾಮಿ ಸ್ವಾಮಿ, ಈ ಪ್ರಕರಣದಲ್ಲಿ ಮಾಮಿ ಇಲ್ಲವಲ್ಲ ಎಂದ. ಕೋಣೆಯೆಲ್ಲ ನಕ್ಕಿತು. ಹೊಲಿಗೆಯವಳೂ ನಕ್ಕಳು, ಯಾಕೆಂದು ತಿಳಿಯದೆಯೇ. ನ್ಯಾಯಾಧೀಶರು ಹಾಳೆ ತರಿಸಿ ನೋಡಿದರು. ಐದು ಹಾಳೆ, ಮೇಲಿಂದ ಕೆಳಗೆ ಅದೇ ಗತಿ. ಒಂದು ಗಂಟೆಯ ಸಾಕ್ಷ್ಯ ನೀರು ಪಾಲು.

ನಗು ಟೈಪಮ್ಮನ ಮೈಗೆ ತಾಗಲಿಲ್ಲ. ಎದ್ದು ಹೋಗಿ ಹಾಳೆ ಇಸಕೊಂಡು ಒಮ್ಮೆ ನೋಡಿದಳು.

"ಸ್ವಾಮಿ, ಎಡಗೈ ಹೊಡೆದಿದ್ದು ಸರಿಯಾಗಿದೆ. ಬಲಗೈ ಒಂದು ಮನೆ ಆಚೆ ಕೂತುಬಿಟ್ಟಿದೆ. ಪೂರ್ತಿ ಸಾಕ್ಷ್ಯ ಇದರಲ್ಲೇ ಇದೆ, ಓದಿ ಹೇಳ್ತೀನಿ."

ನ್ಯಾಯಾಧೀಶರು ತಮ್ಮ ಟಿಪ್ಪಣಿ ಮುಂದಿಟ್ಟುಕೊಂಡು ಓದಿ ಎಂದರು. ಅವಳು ನಿಂತೇ ಓದಿದಳು. ಬಲಗೈ ಬರೆದ ಒಂದೊಂದು ಅಕ್ಷರವನ್ನೂ ಪಕ್ಕದ ಮನೆಯಿಂದ ಕೈಹಿಡಿದು ಅದರ ಮನೆಗೆ ಕರೆತಂದ ಹಾಗೆ, ಲ ಕಂಡಲ್ಲಿ ಕ, ಜ ಕಂಡಲ್ಲಿ ಹ, ಮ ಕಂಡಲ್ಲಿ ನ. ತಡವರಿಸಲಿಲ್ಲ. ಮೊದಲ ಹಾಳೆ ಮುಗಿಯುವಷ್ಟರಲ್ಲಿ ಕೋಣೆಯ ನಗು ಅಡಗಿತ್ತು. ಮೂರನೇ ಹಾಳೆಗೆ ದೊಡ್ಡ ಗಂಟಲಿನ ವಕೀಲನೂ ಪೆನ್ನು ಕೆಳಗಿಟ್ಟು ಕೇಳುತ್ತ ಕೂತ. ಬಾಗಿಲ ಅಗಲ ಮೂರಡಿಯೋ ಮೂರೂವರೆಯೋ ಎಂಬಲ್ಲಿ ಮಾತ್ರ ನ್ಯಾಯಾಧೀಶರು ತಡೆದರು. ಅವರ ಟಿಪ್ಪಣಿಯಲ್ಲಿ ಮೂರಿತ್ತು. ಹೊಲಿಗೆಯವಳು ಕಟಕಟೆಯಿಂದಲೇ, "ಮೂರೂವರೆ ಅಂದಿದ್ದು ನಾನು, ಆಕೆ ಓದಿದ್ದೇ ಸರಿ. ಟೇಪು ನನ್ನ ಕತ್ತಲ್ಲೇ ಇದೆ, ಅಳತೇಲಿ ನಾನು ತಪ್ಪಲ್ಲ" ಎಂದಳು. ನ್ಯಾಯಾಧೀಶರು ತಮ್ಮ ಟಿಪ್ಪಣಿಯನ್ನು ತಿದ್ದಿಕೊಂಡರು.

ಐದೂ ಹಾಳೆ ಮುಗಿದವು. ಇನ್ನು ಕೂರಬಹುದಿತ್ತು. ಆದರೆ ನ್ಯಾಯಾಧೀಶರು ಕನ್ನಡಕ ತೆಗೆದು ಕೇಳಿದರು.

"ಮೂವತ್ತು ವರ್ಷದಲ್ಲಿ ಹೀಗಾಗಿದ್ದುಂಟೇನಮ್ಮ?"

"ಇಲ್ಲ ಸ್ವಾಮಿ."

"ಮತ್ತೆ ಇವತ್ತು?"

"ತೋರುಬೆರಳಿಗೆ ಗೆರೆ ಗೊತ್ತಾಗಲ್ಲ ಸ್ವಾಮಿ. ಎರಡೂ ಕೈಯಲ್ಲಿ ಮೂರು ಮೂರು ಬೆರಳಿಗೆ ಸ್ಪರ್ಶ ಇಲ್ಲ, ಎರಡು ವರ್ಷ ಆಯ್ತು. ಆ ಪುಟ್ಟದರಲ್ಲಿ ಎರಡೂ ಅಂಚು ಸಿಗುತ್ತೆ, ಸದ್ದು ಕೇಳುತ್ತೆ. ಇದರಲ್ಲಿ ಎರಡೂ ಇಲ್ಲ."

ಇಷ್ಟನ್ನೂ ಅವಳು ಹಾಳೆ ಓದಿದ ದನಿಯಲ್ಲೇ ಹೇಳಿದಳು. ಸಾಕ್ಷಿ ಪ್ರಶ್ನೆ ಕೇಳಬಾರದ ಕಟಕಟೆಯಲ್ಲಿ ನಿಂತು ಕೇಳಿದವಳು ಹೊಲಿಗೆಯವಳೇ.

"ಸೂಜಿ ಚುಚ್ಚಿದ್ರೂ ತಿಳಿಯಲ್ವೇನಕ್ಕ?"

"ರಕ್ತ ಕಂಡ ಮೇಲೆ ತಿಳಿಯುತ್ತೆ."

ಹೊಲಿಗೆಯವಳು ತನ್ನ ಬೆರಳು ನೋಡಿಕೊಂಡಳು.

ನ್ಯಾಯಾಧೀಶರು ಆ ಪುಟ್ಟದನ್ನು ತೆಗೆಯಿರಿ ಎಂದರು. ಸಾಕ್ಷ್ಯವನ್ನೆಲ್ಲ ಹೊಸದಾಗಿ ಹೊಡೆದಾಯಿತು. ಈ ಸಲ ಸದ್ದಿನ ಮೇಲೆ ಯಾರೂ ತಕರಾರು ಎತ್ತಲಿಲ್ಲ. ಗುಮಾಸ್ತ ಓದಿದ, ಹೊಲಿಗೆಯವಳು ರುಜು ಹಾಕಿದಳು. ಆಮೇಲೆ ಆ ದಿನದ ನಡಾವಳಿ ಬರೆಸಬೇಕಿತ್ತು. ನಡೆದದ್ದು ನಡೆದ ಹಾಗೆ ಕಡತದಲ್ಲಿ ಇರಲೇಬೇಕು.

"ಬರೆಯದೆ ಬಿಡೋಕಾಗಲ್ಲಮ್ಮ" ಎಂದರು ನ್ಯಾಯಾಧೀಶರು, ಅವಳೊಬ್ಬಳಿಗೇ ಕೇಳುವ ಹಾಗೆ. "ನಾಳೆ ಮೇಲಿನ ಕೋರ್ಟಲ್ಲಿ ಹಳೇ ಹಾಳೆ ಯಾಕೆ ಕೆಡಿಸಿದ್ರಿ ಅಂತ ಕೇಳ್ತಾರೆ. ಬೇಕಾದ್ರೆ ಇದೊಂದನ್ನ ಗುಮಾಸ್ತರ ಕೈಲಿ ಹೊಡೆಸ್ತೀನಿ."

"ಅವನು ಪರದೆ ನೋಡ್ಕೊಂಡು ಹೊಡೀತಾನೆ ಸ್ವಾಮಿ. ನೀವು ಹೇಳಿ."

ಅವರು ಹೇಳಿದರು. ಬೆರಳಚ್ಚು ತಪ್ಪಿದ್ದನ್ನು ಬೆರಳಚ್ಚುಗಾರ್ತಿಯೇ ಓದಿ ಸರಿಪಡಿಸಿದ್ದು, ಸಾಕ್ಷಿ ಒಪ್ಪಿದ್ದು, ಬೆರಳಚ್ಚುಗಾರ್ತಿಗೆ ಎರಡೂ ಕೈಯ ಮೂರು ಮೂರು ಬೆರಳಿನ ಸ್ಪರ್ಶ ಎರಡು ವರ್ಷದಿಂದ ಇಲ್ಲವೆಂದು ತಿಳಿದುಬಂದದ್ದು, ಈ ಸಂಗತಿಯನ್ನು ಮೇಲಿನವರ ಗಮನಕ್ಕೆ ತರತಕ್ಕದ್ದು. ಇದರ ಕೊನೆಯ ಸಾಲು ಕಾಗದದ ಮೇಲೆ ಬಿದ್ದರೆ ಗಿಡ್ಡ ಮೇಜು ತನ್ನದಲ್ಲ ಎಂದು ಅವಳಿಗೆ ಗೊತ್ತಿತ್ತು. ಪೀಠದ ಮೇಲಿದ್ದವರಿಗೂ ಗೊತ್ತಿತ್ತು. ಅವಳು ಎರಡು ಕಿರುಬೆರಳು ಚಾಚಿ ಎರಡು ಅಂಚು ಹಿಡಿದು, ಕೈ ಒಳಗೆ ತಂದು, ಎದುರಿನ ಖಾಲಿ ಕಟಕಟೆ ನೋಡುತ್ತ ಹೊಡೆದಳು. ಒಂದೊಂದು ಟಕ್ಕೂ ಕೋಣೆಗೆಲ್ಲ ಕೇಳಿತು. ಕಿವಿಗೆ ಒಂದು ತಪ್ಪೂ ಸಿಗಲಿಲ್ಲ. ಕೊನೆಯ ಚುಕ್ಕೆ ಇಟ್ಟ ಮೇಲೆ ಏನೋ ಆಗಬೇಕಿತ್ತು ಎಂದು ಅವಳು ಸ್ವಲ್ಪ ಕಾದಳು. ಏನೂ ಆಗಲಿಲ್ಲ. ಹಾಳೆ ಅಚ್ಚಿಗೆ ಕೊಟ್ಟಳು.

ಮೂರು ವಾರಕ್ಕೆ ಉತ್ತರ ಬಂತು. ಚಿಕಿತ್ಸೆ ಮಾಡಿಸಿಕೊಂಡು, ಕೈ ಸರಿಯಿದೆಯೆಂದು ಡಾಕ್ಟರ ಪತ್ರ ತರುವವರೆಗೆ ಕಡತದ ಕೋಣೆ. ನ್ಯಾಯಾಧೀಶರು ತಮ್ಮ ಕೈಯಿಂದಲೇ ಎರಡು ಪುಟ ಒಳ್ಳೆಯ ಮಾತು ಬರೆದು ಕಳಿಸಿದ್ದರಂತೆ. ಅದನ್ನು ಯಾರೂ ಓದಿದ ಹಾಗೆ ಕಾಣಲಿಲ್ಲ. ಅವಳ ಜಾಗಕ್ಕೆ ಬಂದವಳು ಪರದೆ ನೋಡಿಕೊಂಡು, ಸದ್ದಿಲ್ಲದೆ ಹೊಡೆಯುತ್ತಾಳೆ. ಕೋಣೆ ಸ್ಮಶಾನವಾಗಿದೆ ಅಕ್ಕಾ, ನನಗೇ ಜೋಂಪು ಹತ್ತುತ್ತೆ ಎಂದು ಗುಮಾಸ್ತ ನೆಲಮಾಳಿಗೆಗೆ ಇಳಿದು ಬಂದು ಹೇಳಿ ಹೋದ. ಟೈಪಮ್ಮ ಕಡತದ ದಾರ ಬಿಚ್ಚುತ್ತಿದ್ದಳು. ದಾರ ಬೆರಳಿನಲ್ಲಿದೆಯೋ ಜಾರಿತೋ ಎಂದು ನೋಡಿ ನೋಡಿ ಬಿಚ್ಚಬೇಕು. ಚಿಕಿತ್ಸೆಗೆ ದಿನ ಗೊತ್ತಾಗಿತ್ತು, ಮೊದಲು ಬಲಗೈ. ವಾಸಿಯಾಗುತ್ತೋ ಇಲ್ಲವೋ ಎಂದು ಗುಮಾಸ್ತ ಕೇಳಿದ್ದಕ್ಕೆ, ನೋಡೋಣ ಎಂದಳು.

ಕೀಬೋರ್ಡು ಮನೆಯ ಪುಟ್ಟ ಮೇಜಿಗೆ ಮರಳಿತು. ಕೊಟ್ಟ ದಿನ ಗಂಡ ಅದನ್ನು ಇಸಕೊಂಡು, ಕೀಲಿಗಳ ಸಂದಿನಲ್ಲಿದ್ದ ಕೋರ್ಟಿನ ಧೂಳನ್ನು ಬಣ್ಣದ ಕುಂಚದಿಂದ ಗುಡಿಸಿ, ಲಾರಿ ಹೊರಡಿಸಿದ. ದೀಪ ಮಾತ್ರ ಹಾಕಲಿಲ್ಲ. ಈಗ ಅವಳು ಸಂಜೆ ಅಡುಗೆಮನೆಯಲ್ಲಿ ನಿಂತಿರುವಾಗ ಹೊರಕೋಣೆಯಿಂದ ಆ ಸದ್ದು ಬರುತ್ತದೆ. ಎಡಗೈಯ ನಾಲ್ಕು ಕೀಲಿ, ಅಷ್ಟೇ ಅವನ ಬಂಡವಾಳ. ಮುಂದಕ್ಕೆ ಹೋಗುವ ಕೀಲಿ ದಪ್ಪ ದನಿ, ಪಕ್ಕಕ್ಕೆ ತಿರುಗಿಸುವವು ಎರಡೂ ತೆಳು, ನಿಲ್ಲಿಸುವುದು ಅವೆರಡರ ನಡುವೆ. ಮೊನ್ನೆ ಅನ್ನ ಬಸಿಯುತ್ತಿದ್ದವಳು ಅಲ್ಲಿಂದಲೇ, ತಿರುಗಿಯೂ ನೋಡದೆ ಹೇಳಿದಳು.

"ತಿರುವಲ್ಲಿ ಬ್ರೇಕ್ ಹಾಕ್ಲಿಲ್ಲ ನೀವು."

"ಹಾಕ್ದೆ ಕಣೇ."

"ಹಾಕ್ಲಿಲ್ಲ. ನಂಗೆ ಕೇಳಿಸ್ತು."

ಸ್ವಲ್ಪ ಹೊತ್ತಿನ ಮೇಲೆ ಹೊರಕೋಣೆಯಿಂದ ಲಾರಿ ಹಳ್ಳಕ್ಕೆ ಬಿದ್ದ ಸದ್ದು ಬಂತು. ಟೈಪಮ್ಮ ಪಾತ್ರೆಯನ್ನು ಕಿರುಬೆರಳಿಂದ ಮುಟ್ಟಿ ನೋಡಿ, ಸುಡುತ್ತಿದೆಯೆಂದು ತಿಳಿದುಕೊಂಡು, ಬಟ್ಟೆ ಹಿಡಿದು ಇಳಿಸಿದಳು.